ಹೊಟ್ಟೆ ಸ್ಕ್ಯಾನಿಂಗ್: ಯಾವ ನೋವಿಗೆ ಯಾವ ಯಂತ್ರ, ಖಾಲಿ ಹೊಟ್ಟೆ ಯಾಕೆ, ಎಲ್ಲಿ ಎಡವುತ್ತೇವೆ?

ಕರಿಮಣ್ಣು_ಜೇವರ್ಗಿ
ಜೇವರ್ಗಿ, ಅಫಜಲಪುರ, ಶಹಾಪುರ ಕಡೆಯ ತಾಲ್ಲೂಕು ಆಸ್ಪತ್ರೆಗಳಿಗೆ ಹೊಸದಾಗಿ ಬರುವ ಎಕ್ಸ್‌ರೇ ತಂತ್ರಜ್ಞರಿಗೂ ಸಿಸ್ಟರ್‌ಗಳಿಗೂ ಆಗುವಂಥ ಒಂದು ಕನ್ನಡ ಟಿಪ್ಪಣಿ ಬೇಕಾಗಿದೆ. ವಿಷಯ ಹೊಟ್ಟೆ ಮತ್ತು ಜೀರ್ಣಾಂಗ: ಎಕ್ಸ್‌ರೇ, ಸೋನೋಗ್ರಫಿ, ಬೇರಿಯಂ (ಕುಡಿಸಿ ಎಕ್ಸ್‌ರೇ ತೆಗೆಯುವ ಬಿಳಿ ದ್ರವ), ಸಿಟಿ, ಎಂಆರ್‌ಐ. ಪಠ್ಯಪುಸ್ತಕದ ಭಾಷೆ ಬೇಡ. ರೋಗಿ ಬಾಗಿಲಲ್ಲಿ ನಿಂತಾಗ ಏನು ಕೇಳಬೇಕು, ಯಾವ ಪರೀಕ್ಷೆ ಎಲ್ಲಿ ಕೈಕೊಡುತ್ತದೆ, ಯಾಕೆ, ಅಷ್ಟು ಸಾಕು. ಬಲ್ಲವರು ಬರೆಯಿರಿ, ತಿದ್ದಿರಿ.

ಭೀಮಾತೀರದ_ಪ್ರೋಬ್
ಮೊದಲು ಗಾಳಿಯ ಲೆಕ್ಕ ಹೇಳಿಕೊಡಿ, ಅರ್ಧ ವಿಷಯ ಅಲ್ಲೇ ಮುಗಿಯುತ್ತದೆ. ಸೋನೋಗ್ರಫಿಯ ಶಬ್ದದ ಅಲೆ ಮಾಂಸದಿಂದ ಗಾಳಿಗೆ ತಾಗಿದ ಕೂಡಲೇ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಬರುತ್ತದೆ. ಕರುಳಿನ ಗಾಳಿಯ ಹಿಂದೆ ಏನಿದ್ದರೂ ಪ್ರೋಬಿಗೆ, ಅಂದರೆ ಹೊಟ್ಟೆಯ ಮೇಲೆ ಆಡಿಸುವ ಉಪಕರಣಕ್ಕೆ, ಕಾಣದು. ಚರ್ಮಕ್ಕೆ ಜೆಲ್ ಹಚ್ಚುವುದೂ ಇದಕ್ಕೇ, ಪ್ರೋಬಿಗೂ ಚರ್ಮಕ್ಕೂ ನಡುವೆ ಎಳೆಯಷ್ಟೂ ಗಾಳಿ ಉಳಿಯಬಾರದು. ಎಕ್ಸ್‌ರೇಯಲ್ಲಿ ಇದೇ ಗಾಳಿ ದೊಡ್ಡ ಸುಳಿವು. ಕರುಳು ತೂತಾಗಿದೆಯೇ, ಕಟ್ಟಿಕೊಂಡಿದೆಯೇ ಎಂಬುದನ್ನು ಫಿಲ್ಮಿನಲ್ಲಿ ಗಾಳಿಯೇ ತೋರಿಸುತ್ತದೆ. ಸಿಟಿಗೆ ಗಾಳಿ ಅಡ್ಡಿಯೂ ಅಲ್ಲ, ಅದರ ಆಸರೆಯೂ ಬೇಕಿಲ್ಲ.

ಇನ್ನು ಖಾಲಿ ಹೊಟ್ಟೆ. ಮೇಲ್ಹೊಟ್ಟೆಯ ಸೋನೋಗ್ರಫಿಗೆ 6ರಿಂದ 8 ಗಂಟೆ ಏನೂ ತಿಂದಿರಬಾರದು. ಊಟವಾದರೆ, ಅದರಲ್ಲೂ ಕೊಬ್ಬಿನ ಅಂಶ ಕರುಳಿಗೆ ಇಳಿದರೆ, ಪಿತ್ತಕೋಶ ಹಿಂಡಿಕೊಂಡು ಪಿತ್ತವನ್ನು ಹೊರಗೆ ಬಿಡುತ್ತದೆ. ಹಿಂಡಿದ ಪಿತ್ತಕೋಶದ ಗೋಡೆ ಸಹಜವಾಗಿಯೇ ದಪ್ಪ ಕಾಣುತ್ತದೆ. ಉಪವಾಸದಲ್ಲಿ 3 ಮಿ.ಮೀ. ಮೀರಿದರೆ ದಪ್ಪ ಎನ್ನುತ್ತೇವೆ, ಉಂಡು ಬಂದವರಲ್ಲಿ ಆ ಅಳತೆ ಹಿಡಿದರೆ ಇಲ್ಲದ ಉರಿಯೂತ ವರದಿಗೆ ಏರುತ್ತದೆ. ಸಣ್ಣ ಕಲ್ಲು ಮಡಿಕೆಯೊಳಗೆ ಅಡಗಿ ತಪ್ಪಿಯೂ ಹೋಗುತ್ತದೆ. ಬರೀ ನೀರು ಕುಡಿಯಬಹುದು. ಬೇಸಿಗೆಯಲ್ಲಿ ಇದನ್ನು ಒತ್ತಿ ಹೇಳಿ. ನಮ್ಮ ಬಿಸಿಲಲ್ಲಿ ಸ್ಕ್ಯಾನಿಗೆಂದು ನೀರೂ ಬಿಟ್ಟು ಬಂದ ಮುದುಕರು ಸರತಿಯಲ್ಲೇ ತಲೆ ಸುತ್ತಿ ಬೀಳುತ್ತಾರೆ.

ಸುರಪುರ_ಸಿಸ್ಟರ್
ಒಂದು ಮಾತು ಸೇರಿಸ್ರಿ. "ಉಪವಾಸ ಇದ್ದೀರೇನ್ರಿ?" ಅಂತ ಕೇಳಲೇಬ್ಯಾಡ್ರಿ. ಸೋಮವಾರ, ಏಕಾದಶಿ, ಶ್ರಾವಣದಾಗ "ಹೌದ್ರಿ, ಉಪವಾಸ" ಅಂತಾರ, ಮುಂಜಾನೆ ಸಾಬೂದಾನಿ ಖಿಚಡಿ, ಹಾಲು, ಬಾಳೆಹಣ್ಣು ಎಲ್ಲಾ ಆಗಿರ್ತದ. ಖಿಚಡಿಯಾಗ ಶೇಂಗಾ, ಎಣ್ಣಿ. ಪಿತ್ತಕೋಶ ಪೂರಾ ಖಾಲಿ! "ಕಡೀಕ್ ಬಾಯಾಗ ಏನು ಹಾಕ್ಕೊಂಡ್ರಿ, ಎಷ್ಟು ಗಂಟೆಕ್ಕ?" ಅಂತ ಕೇಳ್ರಿ. ಆಮ್ಯಾಗ "ಚಾ?" ಅಂತ ಬ್ಯಾರೆನೇ ಕೇಳ್ರಿ, ಯಾಕಂದ್ರ ಚಾ ಯಾರೂ ಲೆಕ್ಕಕ್ಕ ಹಿಡಿಯಲ್ಲ. ಬೀಡಿ, ಗುಟ್ಕಾನೂ ಕೇಳ್ರಿ. ಎಳಿಯೋದು, ಜಗಿಯೋದು ಮಾಡಿದ್ರ ಗಾಳಿ ನುಂಗ್ತಾರ.

ರಮ್ಜಾನ್ ತಿಂಗಳದಾಗ ರೋಜಾ ಇರೋರಿಗೆ ಮೇಲ್ಹೊಟ್ಟಿ ಸ್ಕ್ಯಾನ್ ಮಧ್ಯಾಹ್ನಕ್ಕ ಕೊಡ್ರಿ, ಹೊಟ್ಟಿ ತಾನೇ ಖಾಲಿ ಇರ್ತದ. ಕೆಳಹೊಟ್ಟಿ ನೋಡೋದಿದ್ರ ಮೂತ್ರಕೋಶ ತುಂಬಬೇಕು, ನೀರು ಕುಡಿಯಂಗಿಲ್ಲ. ಅದನ್ನ ತುರ್ತು ಇಲ್ಲಾಂದ್ರ ಇಫ್ತಾರ್ ಆದಮ್ಯಾಗ ಇಡ್ರಿ.

ಭೀಮಾತೀರದ_ಪ್ರೋಬ್
ಸಿಸ್ಟರ್ ಹೇಳಿದ ಪ್ರಶ್ನೆಯನ್ನು ಟಿಪ್ಪಣಿಯ ಮೊದಲ ಸಾಲಿಗೇ ಹಾಕಿ.

ಮೂತ್ರಕೋಶ ತುಂಬಿಸುವುದಕ್ಕೂ ಗಾಳಿಯೇ ಕಾರಣ. ತುಂಬಿದ ಮೂತ್ರಕೋಶ ಕರುಳನ್ನು ಮೇಲಕ್ಕೆ ತಳ್ಳುತ್ತದೆ, ತಾನು ಕಿಟಕಿಯಾಗುತ್ತದೆ. ಒಂದು ಗಂಟೆ ಮೊದಲು 3ರಿಂದ 4 ಲೋಟ, ಅಂದರೆ ಮುಕ್ಕಾಲರಿಂದ ಒಂದು ಲೀಟರ್ ನೀರು. ಅತಿಯಾದರೂ ಕಷ್ಟ. ಬಿಗಿದ ಮೂತ್ರಕೋಶದಿಂದ ಎರಡೂ ಕಿಡ್ನಿ ಸ್ವಲ್ಪ ಊದಿದಂತೆ ಕಾಣುತ್ತವೆ. ಮೂತ್ರ ಮಾಡಿಸಿ ಮತ್ತೆ ನೋಡದೆ "ಹೈಡ್ರೋನೆಫ್ರೋಸಿಸ್" (ಮೂತ್ರ ಕಟ್ಟಿ ಕಿಡ್ನಿ ಊದುವುದು) ಎಂದು ಬರೆಯಬೇಡಿ.

ಪ್ರೋಬ್ ಎರಡು ಸಾಕು. ಬಾಗಿದ ಮುಖದ ಕರ್ವಿಲೀನಿಯರ್, 2ರಿಂದ 5 ಮೆಗಾಹರ್ಟ್ಸ್, ಆಳಕ್ಕೆ ಹೋಗುತ್ತದೆ, ವಿವರ ಕಡಿಮೆ. ಚಪ್ಪಟೆ ಮುಖದ ಲೀನಿಯರ್, 7ರಿಂದ 12, ಆಳ ಹೋಗದು, ವಿವರ ಚೊಕ್ಕ. ಅಪೆಂಡಿಕ್ಸ್, ಕರುಳಿನ ಗೋಡೆ, ಕೂಸುಗಳ ಹೊಟ್ಟೆಗೆ ಎರಡನೆಯದು.

ಪಿತ್ತಕೋಶದ ಕಲ್ಲಿಗೆ ಮೂರು ಗುರುತು: ಬೆಳ್ಳಗೆ ಹೊಳೆಯುವ ಚುಕ್ಕೆ, ಅದರ ಹಿಂದೆ ಕಪ್ಪು ನೆರಳು, ಎಡ ಮಗ್ಗುಲಿಗೆ ಹೊರಳಿಸಿದರೆ ಜಾಗ ಬದಲಿಸುವುದು. ಮೂರನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ಜಾಗ ಬಿಡದೆ ಗೋಡೆಗೆ ಅಂಟಿ ನಿಂತದ್ದು, ನೆರಳೂ ಇಲ್ಲದ್ದು, ಪಾಲಿಪ್ (ಗೋಡೆಯಿಂದ ಬೆಳೆದ ಸಣ್ಣ ಗಂಟು) ಇರಬಹುದು. ಜಾಗ ಬಿಡದೆ ಕತ್ತಿನಲ್ಲಿ ಸಿಕ್ಕು ನಿಂತ ಕಲ್ಲು, ಪ್ರೋಬಿನಿಂದ ಸರಿಯಾಗಿ ಅದರ ಮೇಲೇ ಒತ್ತಿದಾಗ ರೋಗಿ ಉಸಿರು ಹಿಡಿದರೆ, ಉರಿಯೂತದ ಕಡೆಗೆ ಕೈತೋರುತ್ತದೆ. ನೋವಿನ ಇಂಜೆಕ್ಷನ್ ಕೊಟ್ಟ ಮೇಲೆ ಈ ಒತ್ತುಪರೀಕ್ಷೆಯನ್ನು ನಂಬಲಾಗದು, ಇಂಜೆಕ್ಷನ್ ಯಾವಾಗ ಕೊಟ್ಟರೆಂದು ಚೀಟಿಯಲ್ಲಿ ಬರೆಯಿರಿ.

ತಪ್ಪುವ ಜಾಗ ಒಂದಿದೆ. ಪಿತ್ತಕೋಶ ತುಂಬ ಕಲ್ಲೇ ಇದ್ದಾಗ ಚೀಲ ಕಾಣುವುದೇ ಇಲ್ಲ. ಗೋಡೆಯ ಗೆರೆ, ಕಲ್ಲಿನ ಹೊಳೆಯುವ ಗೆರೆ, ಹಿಂದೆ ನೆರಳು, ಇಷ್ಟೇ. ಹೊಸಬರು ಇದನ್ನು ಕರುಳಿನ ಗಾಳಿ ಎಂದು ಬಿಟ್ಟು ಮುಂದೆ ಹೋಗುತ್ತಾರೆ. ಕಲ್ಲಿನ ನೆರಳು ಶುದ್ಧ ಕಪ್ಪು, ಅಂಚು ಚೂಪು. ಗಾಳಿಯ ನೆರಳು ಮಸುಕು, ಹೊಗೆ ಆಡಿದಂತೆ.

ಬಿದ್ರಿ_ಕುಸುರಿ
ಶಸ್ತ್ರಚಿಕಿತ್ಸೆ ಕಡೆಯಿಂದ ಒಂದು ತಕರಾರು. "ಸೋನೋಗ್ರಫಿಯಲ್ಲಿ ಪಿತ್ತನಾಳದಲ್ಲಿ ಕಲ್ಲು ಇಲ್ಲ" ಎಂಬ ಸಾಲನ್ನು ಜನ ಅಕ್ಷರಶಃ ನಂಬುತ್ತಾರೆ. ಪಿತ್ತಕೋಶದ ಕಲ್ಲಿಗೆ ಸೋನೋಗ್ರಫಿಯೇ ಎಲ್ಲಕ್ಕಿಂತ ಮೇಲು, ಸಿಟಿಗಿಂತಲೂ. ಎಷ್ಟೋ ಕೊಲೆಸ್ಟರಾಲ್ ಕಲ್ಲುಗಳ ಸಾಂದ್ರತೆ ಪಿತ್ತದಷ್ಟೇ ಇರುವುದರಿಂದ ಸಿಟಿಯಲ್ಲಿ ಬೆರೆತು ಹೋಗುತ್ತವೆ. ಆದರೆ ಸಾಮಾನ್ಯ ಪಿತ್ತನಾಳದ ಕೆಳತುದಿ ಡ್ಯುಯೊಡಿನಂನ (ಸಣ್ಣ ಕರುಳಿನ ಮೊದಲ ಭಾಗದ) ಹಿಂದೆ ಇದೆ, ಅಲ್ಲಿ ಮತ್ತೆ ಅದೇ ಗಾಳಿ. ನಾಳ 6 ಮಿ.ಮೀ. ಮೀರಿದೆ, ಕಣ್ಣು ಹಳದಿ, ರಕ್ತದಲ್ಲಿ ಬಿಲಿರುಬಿನ್ (ಪಿತ್ತದ ಹಳದಿ ಅಂಶ) ಏರಿದೆ ಎಂದರೆ ಕಲ್ಲು ಕಾಣದಿದ್ದರೂ ಎಂಆರ್‌ಸಿಪಿಗೆ (ಪಿತ್ತನಾಳ ತೋರಿಸುವ ಎಂಆರ್‌ಐಗೆ) ಕಳಿಸಿ. ಪಿತ್ತಕೋಶ ತೆಗೆಸಿಕೊಂಡವರಲ್ಲಿ ನಾಳ 10 ಮಿ.ಮೀ. ತನಕ ಅಗಲವಾಗಿರುವುದುಂಟು, ಹಾಗಾಗಿ ಹಳೆಯ ಆಪರೇಷನ್ ಆಗಿದೆಯೇ ಎಂದು ಚೀಟಿಯಲ್ಲಿ ಇರಲೇಬೇಕು.

ಚೀಟಿಯ ಮಾತು ಬಂತು. "ಹೊಟ್ಟೆ ನೋವು" ಎರಡೇ ಪದ ಬರೆದು ಕಳಿಸುವ ಚಾಳಿ ಬಿಡಬೇಕು. ಎಲ್ಲಿ ನೋವು, ಎಷ್ಟು ದಿನದಿಂದ, ಜ್ವರ, ವಾಂತಿ, ಗಾಳಿ-ಮಲ ಹೋಗಿದೆಯೇ, ಮುಟ್ಟು ಯಾವಾಗ ಆಯಿತು. ನಾಲ್ಕು ಸಾಲು. ಈ ನಾಲ್ಕು ಸಾಲು ಯಾವ ಪ್ರೋಬ್ ಹಿಡಿಯಬೇಕು, ಸಿಟಿಯನ್ನು ಯಾವ ಹಂತದಲ್ಲಿ ತೆಗೆಯಬೇಕು ಎಂಬುದನ್ನೇ ಬದಲಿಸುತ್ತವೆ.

ಡಾರ್ಕ್‌ರೂಮ್_ಕಲಬುರಗಿ
ಎಕ್ಸ್‌ರೇ ಬಗ್ಗೆ ನಾ ಬರೀತೀನ್ರಿ.

ಕರುಳು ತೂತ್ ಬಿದ್ದದ್ದು ನೋಡಬೇಕಂದ್ರ ಹೊಟ್ಟಿದಕ್ಕಿಂತ ನಿಂತ ಎದಿ ಎಕ್ಸ್‌ರೇನೇ ಛಲೋ. ಗಾಳಿ ಮ್ಯಾಲ ಏರಿ ವಪೆ (ಎದಿ-ಹೊಟ್ಟಿ ನಡುವಿನ ಪರದಿ) ಕೆಳಗ ಸಣ್ಣ ಚಂದ್ರನಂಗ ಕಪ್ಪು ಗೆರಿ ಆಗ್ತದ. ಚಂದ ತೆಗೆದ್ರ 1-2 ಮಿ.ಲೀ. ಗಾಳಿನೂ ಕಾಣಸ್ತದ. ಚಂದ ಅಂದ್ರ ಹೆಂಗ? ಸ್ಟ್ರೆಚರ್ ಮ್ಯಾಲ ಮಲಗಿದ ರೋಗಿನ್ನ ಎಬ್ಬಿಸಿ ನಿಲ್ಲಿಸಿ ಆ ಘಳಿಗೆಗೇ ಬಟನ್ ಒತ್ತಿದ್ರ ಗಾಳಿ ಇನ್ನೂ ಮ್ಯಾಲ ಹೋಗಿರಲ್ಲ. 5ರಿಂದ 10 ನಿಮಿಷ ಕೂಡಿಸ್ರಿ, ಇಲ್ಲಾ ನಿಲ್ಲಿಸ್ರಿ, ಆಮ್ಯಾಗ ತೆಗೀರಿ. ಕ್ಯಾಸೆಟ್ ಎರಡೂ ವಪೆ ಹಿಡಿದದ ಇಲ್ಲೋ ನೋಡ್ರಿ. ನಿಲ್ಲಾಕ ಆಗಲ್ಲಾಂದ್ರ ಎಡ ಮಗ್ಗುಲು ಕೆಳಗ ಮಾಡಿ ಮಲಗಿಸಿ ಅಡ್ಡ ಕಿರಣದಿಂದ ತೆಗೀರಿ, ಗಾಳಿ ಯಕೃತ್ತಿನ ಮ್ಯಾಲ ಬಂದು ನಿಲ್ತದ. ಬಲ ಮಗ್ಗುಲು ಕೆಳಗ ಮಾಡಬ್ಯಾಡ್ರಿ, ಹೊಟ್ಟಿ ಚೀಲದ್ ಗಾಳಿ ಕೂಡಿ ಗೊಂದಲ ಆಗ್ತದ.

ಕರುಳು ಕಟ್ಟಿದ್ದಕ್ಕ 3-6-9 ನೆನಪಿಡ್ರಿ. ಸಣ್ಣ ಕರುಳು 3 ಸೆಂ.ಮೀ., ದೊಡ್ಡ ಕರುಳು 6, ಸೀಕಂ (ದೊಡ್ಡ ಕರುಳು ಶುರುವಾಗೋ ಚೀಲ) 9, ಇದರ ಮ್ಯಾಲ ಹೋದ್ರ ಊದ್ಯಾದ ಅಂತ. ಯಾವ ಕರುಳು ಅಂತ ಹೆಂಗ ತಿಳೀತದ? ಸಣ್ಣ ಕರುಳಿನ ಮಡಿಕಿ ಈ ಕಡಿಯಿಂದ ಆ ಕಡಿಗೆ ಪೂರಾ ಹಾಯ್ತಾವ, ದೊಡ್ಡ ಕರುಳಿನವು ಅರ್ಧಕ್ಕ ನಿಲ್ತಾವ. ಮ್ಯಾಲಿಂದ ಕೆಳತನ ಕಾಫಿ ಬೀಜದಂಗ ದೊಡ್ಡ ಕುಣಿಕಿ ಕಂಡ್ರ ಸಿಗ್ಮಾಯ್ಡ್ (ದೊಡ್ಡ ಕರುಳಿನ ಕೊನಿ ಭಾಗದ ತಿರುವು) ತಿರುಚಿಕೊಂಡದ ಅಂತ ಸಂಶಯ ಪಡ್ರಿ, ತಡ ಮಾಡದ ಸರ್ಜನ್‌ಗೆ ಫೋನ್ ಹಚ್ರಿ.

ಉಡದಾರ, ತಾಯತ ಮರೀಬ್ಯಾಡ್ರಿ! ಗೌನ್ ಹಾಕಿದ್ರೂ ಉಡದಾರ ಒಳಗೇ ಇರ್ತದ. ಬರೀ ದಾರ ಆದ್ರ ಫಿಲ್ಮಿನ್ಯಾಗ ಹೆಚ್ಚು ಕಾಣಸಲ್ಲ, ಆದ್ರ ತಾಮ್ರದ ತಾಯತ, ಬೆಳ್ಳಿ ಗೆಜ್ಜಿ ನಡಾದಾಗ ಸರಿಯಾಗಿ ಮೂತ್ರನಾಳದ ದಾರಿ ಮ್ಯಾಲ ಕೂಡ್ತಾವ. ಸಿಟಿಯಾಗಂತೂ ಸುತ್ತಲೂ ಕಿರಣ ಹೊಡೆದಂಗ ಗೆರಿ. ಬಿಚ್ಚಾಕ ಒಲ್ಲೆ ಅಂದ್ರ ಜಗಳ ಬ್ಯಾಡ, ನಡಾದಿಂದ ಎದಿ ಮ್ಯಾಲ ಸರಿಸ್ರಿ, ಟೇಪ್ ಹಚ್ರಿ.

ಬಿದ್ರಿ_ಕುಸುರಿ
ವಪೆಯ ಕೆಳಗಿನ ಗಾಳಿಗೆ ಒಂದು ಎಚ್ಚರಿಕೆ. ಕೆಲವರಲ್ಲಿ ದೊಡ್ಡ ಕರುಳೇ ಯಕೃತ್ತು ಮತ್ತು ವಪೆಯ ನಡುವೆ ನುಸುಳಿ ನಿಂತಿರುತ್ತದೆ. ಮೊದಲ ನೋಟಕ್ಕೆ ತೂತಿನಂತೆಯೇ ಕಾಣುತ್ತದೆ. ಗಾಳಿಯೊಳಗೆ ಮಡಿಕೆಯ ಗೆರೆ ಕಂಡರೆ ಅದು ಕರುಳು. ಹೊಟ್ಟೆಯ ಆಪರೇಷನ್ ಆದ ಕೆಲ ದಿನ ಒಳಗೆ ಗಾಳಿ ಉಳಿದಿರುವುದು ಸಹಜ. ಇನ್ನೊಂದು ಮಾತು, ಗಾಳಿ ಕಾಣಲಿಲ್ಲ ಎಂದು ತೂತಿಲ್ಲ ಎನ್ನಬೇಡಿ. ಹೊಟ್ಟೆ ಹಲಗೆಯಂತೆ ಬಿಗಿದಿದ್ದರೆ ಫಿಲ್ಮ್ ಏನೇ ಹೇಳಲಿ, ಸಿಟಿ.

ಕರಿಮಣ್ಣು_ಜೇವರ್ಗಿ
ಅಪೆಂಡಿಕ್ಸ್ ಬಗ್ಗೆ? "ಅಪೆಂಡಿಕ್ಸ್ ಕಾಣಲಿಲ್ಲ" ಎಂಬ ವರದಿ ಹಿಡಿದು ಬಂದವರಿಗೆ ಏನು ಹೇಳಬೇಕು?

ಭೀಮಾತೀರದ_ಪ್ರೋಬ್
ಕಾಣಲಿಲ್ಲ ಎಂದರೆ ಕಾಣಲಿಲ್ಲ, ಅಷ್ಟೇ. ಚೆನ್ನಾಗಿದೆ ಎಂದು ಅರ್ಥವಲ್ಲ. ಸೀಕಂನ ಹಿಂದೆ ಅಡಗಿದ ಅಪೆಂಡಿಕ್ಸ್, ದಪ್ಪ ಹೊಟ್ಟೆ, ಗಾಳಿ, ಮೂರೂ ಅಡ್ಡಿ.

ವಿಧಾನ ಒತ್ತುವುದು. 1986ರಲ್ಲಿ ನೆದರ್ಲೆಂಡ್ಸ್‌ನ ಪ್ಯುಲಾರ್ಟ್ ತೋರಿಸಿಕೊಟ್ಟದ್ದು. ಲೀನಿಯರ್ ಪ್ರೋಬನ್ನು ನಿಧಾನಕ್ಕೆ, ಹಂತ ಹಂತವಾಗಿ ಒತ್ತುತ್ತಾ ಹೋಗಿ, ನಡುವಿನ ಕರುಳು ಮತ್ತು ಗಾಳಿ ಪಕ್ಕಕ್ಕೆ ಸರಿಯುತ್ತವೆ. ಥಟ್ಟನೆ ಒತ್ತಿ ಥಟ್ಟನೆ ಬಿಟ್ಟರೆ ರೋಗಿ ಹೊಟ್ಟೆ ಬಿಗಿಹಿಡಿಯುತ್ತಾನೆ, ಆಮೇಲೆ ಆ ದಿನ ಆ ಹೊಟ್ಟೆ ನಿಮಗೆ ಬಗ್ಗುವುದಿಲ್ಲ. ರೋಗಿಗೇ "ಒಂದು ಬೆರಳಿನಿಂದ ನೋವು ಎಲ್ಲಿದೆ ತೋರಿಸಿ" ಎನ್ನಿ, ಅಲ್ಲಿಂದ ಶುರು ಮಾಡಿ. ಒಂದು ತುದಿ ಮುಚ್ಚಿದ ನಳಿಕೆ, ಅಲುಗಾಡುವುದಿಲ್ಲ, ಒತ್ತಿದರೆ ಚಪ್ಪಟೆಯಾಗುವುದಿಲ್ಲ, ಹೊರ ಅಳತೆ 6 ಮಿ.ಮೀ. ದಾಟಿದೆ, ಸುತ್ತಲ ಕೊಬ್ಬು ಬೆಳ್ಳಗೆ ಉಬ್ಬಿದೆ ಎಂದರೆ ಅಪೆಂಡಿಸೈಟಿಸ್. ಅಳತೆ ಒಂದನ್ನೇ ನೆಚ್ಚಬೇಡಿ, ಗಾಳಿ ತುಂಬಿದ ಒಳ್ಳೆಯ ಅಪೆಂಡಿಕ್ಸ್ ಕೂಡ 7 ಮಿ.ಮೀ. ಇರುತ್ತದೆ. ಕಾಣದಿದ್ದು ಸಂಶಯ ಉಳಿದರೆ ದೊಡ್ಡವರಿಗೆ ಸಿಟಿ, ಬಸುರಿಗೆ ಗ್ಯಾಡೊಲಿನಿಯಂ (ಎಂಆರ್‌ಐಗೆ ಕೊಡುವ ಸೂಜಿ ಮದ್ದು) ಇಲ್ಲದ ಎಂಆರ್‌ಐ.

ಕೂಸುಗಳದು ಬೇರೆಯೇ ಲೋಕ. ಆರು ತಿಂಗಳಿಂದ ಎರಡು ವರ್ಷದ ಮಗು ಬಿಟ್ಟು ಬಿಟ್ಟು ಕಿರುಚಿ ಕಾಲು ಮಡಚಿದರೆ ಕರುಳೊಳಗೆ ಕರುಳು ಸೇರಿಕೊಂಡಿದೆಯೇ ನೋಡಿ. ಅಡ್ಡಕ್ಕೆ ನೋಡಿದರೆ ಬಳೆಯೊಳಗೆ ಬಳೆ ಇಟ್ಟಂತೆ. ಮೂರರಿಂದ ಆರು ವಾರದ ಕೂಸು ಹಾಲನ್ನು ಚಿಮ್ಮಿ ವಾಂತಿ ಮಾಡಿದರೆ ಪೈಲೋರಸ್ (ಹೊಟ್ಟೆಚೀಲದ ಹೊರಬಾಗಿಲು) ನೋಡಿ: ಸ್ನಾಯು 3 ಮಿ.ಮೀ. ಅಥವಾ ಹೆಚ್ಚು ದಪ್ಪ, ದಾರಿ 15 ಮಿ.ಮೀ. ಮೀರಿ ಉದ್ದ. ಈ ಕೂಸಿನ ತಾಯಿಗೆ ಹಾಲು ಕೊಡದೆ ಕರೆತನ್ನಿ ಎಂದು ಹೇಳುವುದು ತಪ್ಪು. ಸ್ಕ್ಯಾನ್ ಮಾಡುತ್ತಲೇ ಸ್ವಲ್ಪ ಕುಡಿಸಿ, ಹಾಲು ದಾಟುತ್ತದೋ ಇಲ್ಲವೋ ಕಣ್ಣಾರೆ ಕಾಣುತ್ತದೆ.

ಸುರಪುರ_ಸಿಸ್ಟರ್
ಸಿಟಿ ಕಾಂಟ್ರಾಸ್ಟ್ (ಅಂಗ ಎದ್ದು ಕಾಣಸಲಿ ಅಂತ ಸೂಜಿಯಿಂದ ಕೊಡೋ ಮದ್ದು) ಬಗ್ಗೆ ಬರೀತೀನ್ರಿ, ಇಲ್ಲಿ ತಪ್ಪಾದ್ರ ಫಿಲ್ಮ್ ಕೆಡೋದಲ್ಲ, ಜೀವಕ್ಕ ಬರ್ತದ.

ಕೇಳೋದು: ಹಿಂದ ಕಾಂಟ್ರಾಸ್ಟ್ ಕೊಟ್ಟಾಗ ಏನರ ಆಗಿತ್ತೇನು, ದಮ್ಮು ಅದ ಏನು, ಕಿಡ್ನಿ ತೊಂದರಿ, ಸಕ್ಕರಿ ಕಾಯಿಲಿ ಗುಳಿಗಿ, ಮುಟ್ಟು ತಪ್ಪ್ಯಾದೇನು. ಮೀನು, ಸಿಗಡಿ ಆಗಿಬರಲ್ಲ ಅಂದವರಿಗೆ ಕಾಂಟ್ರಾಸ್ಟೇ ಬ್ಯಾಡ ಅನ್ನೋದು ಹಳೇ ಮಾತು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೆಟ್‌ಫಾರ್ಮಿನ್ (ಸಕ್ಕರಿ ಕಾಯಿಲಿ ಗುಳಿಗಿ) ಎಲ್ಲರಿಗೂ ನಿಲ್ಲಿಸಬೇಕಿಲ್ಲ. ಇಜಿಎಫ್‌ಆರ್ (ಕಿಡ್ನಿ ಸೋಸೋ ಶಕ್ತಿಯ ಅಳತಿ) 30ಕ್ಕಿಂತ ಕೆಳಗ ಇದ್ರ, ಇಲ್ಲಾ ಕಿಡ್ನಿ ಈಗಷ್ಟೇ ಕೆಟ್ಟಿದ್ರ, ಕಾಂಟ್ರಾಸ್ಟ್ ಕೊಡೋ ಹೊತ್ತಿಗೆ ನಿಲ್ಲಿಸಿ 48 ತಾಸು ಬಿಟ್ಟು ಕಿಡ್ನಿ ನೋಡಿ ಶುರು ಮಾಡ್ತಾರ. ಹಾಲುಣಿಸೋ ತಾಯಿ ಹಾಲು ಚೆಲ್ಲಬೇಕಾಗಿಲ್ಲ.

ಸೂಜಿ ಮೊಳಕೈ ಮಡಿಕಿಯಾಗ, 18 ಇಲ್ಲಾ 20 ಗೇಜ್. ಹಸ್ತದ ಮ್ಯಾಲಿನ 22 ಗೇಜಿನ್ಯಾಗ ಸೆಕೆಂಡಿಗೆ 4 ಮಿ.ಲೀ. ದೂಡಿದ್ರ ರಕ್ತನಾಳ ಒಡೆದು ಔಷಧ ಚರ್ಮದ ಕೆಳಗ ಸೇರ್ತದ. ಮೊದಲು ಸಲೈನ್ ಜೋರಾಗಿ ದೂಡಿ ಕೈಯಿಂದ ಮುಟ್ಟಿ ನೋಡ್ರಿ. ಅಳತಿ ಕಿಲೋಕ್ಕ ಸುಮಾರು 1.5 ಮಿ.ಲೀ., 60 ಕಿಲೋ ಮನಷ್ಯಾಗ 90 ಮಿ.ಲೀ. ಮೈ ಬಿಸಿ ಆಗ್ತದ, ಮೂತ್ರ ಹೋದಂಗ ಅನಸ್ತದ, ಹೋಗಿರಲ್ಲ. ಇದು ಮೊದಲೇ ಹೇಳ್ರಿ, ಇಲ್ಲಾಂದ್ರ ಹೆಂಗಸರು ಗಾಬರಿಯಾಗಿ ನಡುವೆ ಅಲುಗಾಡ್ತಾರ. ಆದಮ್ಯಾಗ 30 ನಿಮಿಷ ಕೂಡಿಸ್ರಿ, ಸೂಜಿ ತೆಗೀಬ್ಯಾಡ್ರಿ. ದದ್ದು, ಉಬ್ಬಸ, ಬಿಪಿ ಇಳಿದ್ರ ಅಡ್ರೆನಲಿನ್ 1:1000, ದೊಡ್ಡವರಿಗೆ 0.5 ಮಿ.ಲೀ., ತೊಡಿ ಹೊರಮಗ್ಗುಲಿನ ಸ್ನಾಯುವಿಗೆ. ಆ ಆಂಪೂಲ್ ಬೀರುದಾಗ ಕೀಲಿ ಹಾಕಿ ಇಡಬ್ಯಾಡ್ರಿ, ಟ್ರೇದಾಗ ಇರಲಿ.

ಭೀಮಾತೀರದ_ಪ್ರೋಬ್
ಸಿಟಿಯ ಹಂತಗಳ ಲೆಕ್ಕ, ಅಂದರೆ ಕಾಂಟ್ರಾಸ್ಟ್ ಕೊಟ್ಟ ಎಷ್ಟು ಹೊತ್ತಿಗೆ ಚಿತ್ರ ತೆಗೆಯಬೇಕು ಎಂಬುದು. ಕಾಂಟ್ರಾಸ್ಟ್ ಶುರುವಾದ ಸುಮಾರು 35 ಸೆಕೆಂಡಿಗೆ ಅಪಧಮನಿ ಹಂತ, 70 ಸೆಕೆಂಡಿಗೆ ಪೋರ್ಟಲ್ (ಕರುಳಿಂದ ಯಕೃತ್ತಿಗೆ ಹೋಗುವ ರಕ್ತನಾಳದ) ಹಂತ, 3ರಿಂದ 5 ನಿಮಿಷಕ್ಕೆ ತಡ ಹಂತ. ಸಾಧಾರಣ ಹೊಟ್ಟೆ ನೋವಿಗೆ ಪೋರ್ಟಲ್ ಒಂದೇ ಸಾಕು. ಯಕೃತ್ತಿನ ಗಡ್ಡೆಗೆ ಮೂರೂ ಬೇಕು: ಸಿರೋಸಿಸ್ (ಯಕೃತ್ತು ಗಟ್ಟಿಯಾಗುವ ರೋಗ) ಇದ್ದವರಲ್ಲಿ ಮೊದಲ ಹಂತದಲ್ಲಿ ಬೆಳಗಿ ಆಮೇಲೆ ಸುತ್ತಲಿಗಿಂತ ಕಪ್ಪಾದರೆ ಯಕೃತ್ತಿನ ಕ್ಯಾನ್ಸರಿನ ಲಕ್ಷಣ. ಎಲ್ಲರಿಗೂ ಮೂರು ಹಂತ ತೆಗೆದರೆ ವಿಕಿರಣ ಮೂರು ಪಟ್ಟು, ಲಾಭ ಸೊನ್ನೆ. ಒಂದು ಹಂತದ ಹೊಟ್ಟೆ ಸಿಟಿ ಸುಮಾರು 8ರಿಂದ 10 ಮಿಲಿಸೀವರ್ಟ್, ಎದೆ ಎಕ್ಸ್‌ರೇ ಸುಮಾರು 0.1.

ಸಿಟಿಯಲ್ಲಿ ಯಕೃತ್ತು, ಕರುಳು ಎಲ್ಲದರ ಸಾಂದ್ರತೆಯೂ ಒಂದೇ ಮಾಪಕದಲ್ಲಿ: ನೀರು 0, ಗಾಳಿ ಮೈನಸ್ 1000, ಕೊಬ್ಬು ಮೈನಸ್ 100ರ ಆಸುಪಾಸು, ಹೆಪ್ಪುಗಟ್ಟಿದ ಹೊಸ ರಕ್ತ 50ರಿಂದ 70. ಈ ಅಂಕಿಗೆ ಹೌನ್ಸ್‌ಫೀಲ್ಡ್ ಹೆಸರು, ಸಿಟಿಗಾಗಿ ಕಾರ್ಮ್ಯಾಕ್ ಜೊತೆ 1979ರ ನೊಬೆಲ್ ಪಡೆದವರು. ಅಪಘಾತದ ರೋಗಿಯ ಹೊಟ್ಟೆಯಲ್ಲಿ ದ್ರವ ಕಂಡರೆ ಅದರ ಮೇಲೆ ಕರ್ಸರ್ ಇಟ್ಟು ಅಂಕಿ ಓದಿ, ನೀರೋ ರಕ್ತವೋ ತಿಳಿಯುತ್ತದೆ.

ಬಿದ್ರಿ_ಕುಸುರಿ
ಮೇದೋಜೀರಕದ ಉರಿಯೂತಕ್ಕೆ ಮೊದಲ ದಿನವೇ ಸಿಟಿ ಬೇಡುವವರಿದ್ದಾರೆ. ಅಂಗಾಂಶ ಎಷ್ಟು ಸತ್ತಿದೆ ಎಂಬುದು 72 ಗಂಟೆಗೆ ಮೊದಲು ಸರಿಯಾಗಿ ಕಾಣುವುದಿಲ್ಲ. ರಕ್ತದಲ್ಲಿ ಲೈಪೇಸ್ (ಮೇದೋಜೀರಕದ ಕಿಣ್ವ) ಸಹಜಕ್ಕಿಂತ ಮೂರು ಪಟ್ಟು ಏರಿದೆ, ನೋವೂ ಹೊಂದುತ್ತದೆ ಎಂದರೆ ರೋಗ ಗೊತ್ತಾಯಿತು. ಮೊದಲ ದಿನ ಬೇಕಿರುವುದು ಸೋನೋಗ್ರಫಿ, ಪಿತ್ತಕೋಶದ ಕಲ್ಲು ಕಾರಣವೇ ಎಂದು ನೋಡಲು. ರೋಗವೇ ಖಚಿತವಿಲ್ಲದಿದ್ದರೆ ಮಾತ್ರ ಬೇಗ ಸಿಟಿ.

ತದ್ವಿರುದ್ಧ, ತಡ ಮಾಡಬಾರದ್ದು ಕರುಳಿನ ರಕ್ತನಾಳ ಕಟ್ಟಿದ್ದು. ವಯಸ್ಸಾದವರು, ಹೃದಯದ ಲಯ ತಪ್ಪಿದವರು, ನೋವು ವಿಪರೀತ, ಮುಟ್ಟಿದರೆ ಹೊಟ್ಟೆ ಮೆತ್ತಗೆ. ಇವರಿಗೆ ಬಾಯಿಂದ ಕಾಂಟ್ರಾಸ್ಟ್ ಕುಡಿಸುತ್ತಾ ಒಂದು ಗಂಟೆ ಕಳೆಯಬೇಡಿ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ವರದಿಗೂ ಕಾಯಬೇಡಿ, ಕೂಡಲೇ ಸಿಟಿ.

ಕರಿಮಣ್ಣು_ಜೇವರ್ಗಿ
ಕಿಡ್ನಿ ಕಲ್ಲು ಜೀರ್ಣಾಂಗ ಅಲ್ಲ, ಆದರೂ ನಮ್ಮ ಕಡೆ ಹೊಟ್ಟೆ ನೋವೆಂದು ಬರುವವರಲ್ಲಿ ಅದು ಇದ್ದೇ ಇರುತ್ತದೆ. ಅದನ್ನೂ ಸೇರಿಸಲಾ?

ಡಾರ್ಕ್‌ರೂಮ್_ಕಲಬುರಗಿ
ಸೇರಸ್ರಿ. ಪಿತ್ತದ ಕಲ್ಲು ಎಕ್ಸ್‌ರೇದಾಗ ನೂರಕ್ಕ 10-15 ಅಷ್ಟೇ ಕಾಣಸ್ತಾವ, ಕಿಡ್ನಿ ಕಲ್ಲು ಬಹಳಷ್ಟು ಕಾಣಸ್ತಾವ. ಯೂರಿಕ್ ಆ್ಯಸಿಡ್ ಕಲ್ಲು ಎಕ್ಸ್‌ರೇದಾಗ ಕಾಣಸಲ್ಲ, ಸಿಟಿಯಾಗ ಕಾಣಸ್ತದ. ಸೋನೋಗ್ರಫಿಗೆ ಕಿಡ್ನಿಯಾಗಿನ ಕಲ್ಲು, ಮೂತ್ರಕೋಶದ ಬಾಯಿ ಹತ್ರದ ಕಲ್ಲು ಸಿಗ್ತದ, ನಡುವಿನ ಮೂತ್ರನಾಳ ಕರುಳಿನ ಗಾಳಿ ಹಿಂದ. ಅದಕ್ಕ ಕಾಂಟ್ರಾಸ್ಟ್ ಇಲ್ಲದ ಸಿಟಿ, ಕಡಿಮಿ ಡೋಸಿನ್ಯಾಗ. ಕಲ್ಲು ನಾಳದ ಬಾಯಾಗ ಸಿಕ್ಕದೋ, ಮೂತ್ರಕೋಶಕ್ಕ ಬಿದ್ದದೋ ತಿಳೀದಿದ್ರ ಬೋರಲು ಮಲಗಿಸಿ ಅಷ್ಟೇ ಜಾಗ ಮತ್ತ ತೆಗೀರಿ. ಬಿದ್ದಿದ್ರ ಕಲ್ಲು ಮುಂದಕ್ಕ ಉರುಳ್ತದ.

ಭೀಮಾತೀರದ_ಪ್ರೋಬ್
ಬೇರಿಯಂ ಈಗ ಕಡಿಮೆ, ಆದರೆ ನುಂಗಲು ಕಷ್ಟ ಎಂದವರಿಗೆ ಇಂದಿಗೂ ಒಳ್ಳೆಯದು. ಅನ್ನನಾಳದ ಕೆಳತುದಿ ಹಕ್ಕಿಯ ಕೊಕ್ಕಿನಂತೆ ಚೂಪಾಗಿ, ಮೇಲೆ ಅಗಲವಾಗಿದ್ದರೆ ಅಕಲೇಸಿಯಾ, ಅಂದರೆ ಅನ್ನನಾಳದ ಕೆಳಬಾಯಿ ಸಡಿಲವಾಗದ ರೋಗ. ಕರುಳಿನ ಕ್ಷಯ ನಮ್ಮಲ್ಲಿ ಇದ್ದೇ ಇದೆ, ಫಾಲೋ-ಥ್ರೂನಲ್ಲಿ (ಬೇರಿಯಂ ಕರುಳಲ್ಲಿ ಇಳಿಯುವುದನ್ನು ಹಿಂಬಾಲಿಸಿ ತೆಗೆಯುವ ಎಕ್ಸ್‌ರೇಯಲ್ಲಿ) ಸೀಕಂ ಕುಗ್ಗಿ ಮೇಲಕ್ಕೆ ಎಳೆದುಕೊಂಡಿರುತ್ತದೆ. ಸಿಟಿಯಲ್ಲಾದರೆ ಅದರ ಪಕ್ಕದ ಗಂಟುಗಳು ನಡುವೆ ಕಪ್ಪು, ಅಂಚು ಬೆಳ್ಳಗೆ.

ತೂತಿನ ಸಂಶಯವಿದ್ದರೆ ಬೇರಿಯಂ ಮುಟ್ಟಲೇಬೇಡಿ, ಹೊಟ್ಟೆಯೊಳಗೆ ಸೋರಿದರೆ ಗಂಭೀರ ಉರಿಯೂತ. ನೀರಿನಲ್ಲಿ ಕರಗುವ ಅಯೋಡಿನ್ ಕಾಂಟ್ರಾಸ್ಟ್ ಕೊಡಿ. ಆದರೆ ನುಂಗಿದ್ದು ಶ್ವಾಸನಾಳಕ್ಕೆ ಹೋಗುವವರಿಗೆ ಗ್ಯಾಸ್ಟ್ರೋಗ್ರಾಫಿನ್ ಎಂಬ ಬಗೆ ಅಪಾಯ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಅವರಿಗೆ ಐಯೋಹೆಕ್ಸಾಲ್‌ನಂಥದ್ದು. ಸಿಟಿಯೂ ಬೇಕಿದ್ದರೆ ಮೊದಲು ಸಿಟಿ, ಆಮೇಲೆ ಬೇರಿಯಂ. ತಿರುಗಾಮುರುಗಾ ಮಾಡಿದರೆ ಕರುಳಲ್ಲಿ ಉಳಿದ ಬೇರಿಯಂ ಸಿಟಿಯನ್ನು ಗೆರೆಗೆರೆ ಮಾಡುತ್ತದೆ, ಪೂರ್ತಿ ಇಳಿಯುವ ತನಕ ಕೆಲವು ದಿನ ಕಾಯಬೇಕು. ಬೇರಿಯಂ ಕುಡಿದವರಿಗೆ ಮಲ ಬೆಳ್ಳಗೆ ಹೋಗುತ್ತದೆ, ನೀರು ಹೆಚ್ಚು ಕುಡಿಯಿರಿ ಎಂದು ಹೇಳಿ ಕಳಿಸಿ.

ಸುರಪುರ_ಸಿಸ್ಟರ್
ಎಂಆರ್‌ಸಿಪಿಗೆ ನಮ್ಮ ಹೆಣ್ಮಕ್ಕಳನ್ನ ತಯಾರು ಮಾಡೋದು ಹೇಳಿಬಿಡ್ತೀನಿ. 4ರಿಂದ 6 ತಾಸು ಖಾಲಿ ಹೊಟ್ಟಿ. ಗಾಜಿನ ಬಳಿ ಇರಲಿ, ಅದಕ್ಕ ಏನಾಗಲ್ಲ. ತಾಳಿ, ಕಾಲುಂಗುರ, ಮೂಗುತಿ ತೆಗೀಬೇಕು. ತಾಳಿ ಬಂಗಾರದ್ದು, ಅಯಸ್ಕಾಂತ ಎಳಿಯಲ್ಲ, ಆದ್ರ ತಾಳಿಗೆ ಸಿಕ್ಕಿಸಿದ ನಾಕೈದು ಪಿನ್ನು ಉಕ್ಕಿನವು! ಅವು ಹಾರ್ತಾವ. ಸೀರಿ ಸೆರಗಿನ ಪಿನ್ನು, ತುರುಬಿನ ಪಿನ್ನು, ಕುಬಸದ ಹುಕ್ಕು ಎಲ್ಲಾ ನೋಡ್ರಿ. ತಾಳಿ ತೆಗಿಯಾಕ ಒಪ್ಪದಿದ್ರ ಅರಿಷಿಣ ದಾರ ಕೊಟ್ರ ಕಟ್ಟಿಕೊಂಡು ಬರ್ತಾರ, ಕೋಣಿ ಹೊರಗೇ ಒಂದು ಉಂಡಿ ಇಟ್ಟಿರ್ರಿ. ಪೇಸ್‌ಮೇಕರ್, ತಲಿ ಆಪರೇಷನ್ ಕ್ಲಿಪ್ ಕೇಳೋದು ಬ್ಯಾರೆ ಹೇಳಬೇಕಿಲ್ಲ.

ಭೀಮಾತೀರದ_ಪ್ರೋಬ್
ಎಂಆರ್‌ಸಿಪಿಗೆ ಸೂಜಿ ಮದ್ದೂ ಬೇಡ. ನಿಂತ ದ್ರವ ತಾನೇ ಬೆಳ್ಳಗೆ ಹೊಳೆಯುತ್ತದೆ, ಪಿತ್ತನಾಳ ಮರದ ಕೊಂಬೆಯಂತೆ, ಕಲ್ಲು ಅದರೊಳಗೆ ಕಪ್ಪು ಚುಕ್ಕೆಯಂತೆ. ಹೊಟ್ಟೆಚೀಲದ ನೀರೂ ಹೊಳೆದು ನಾಳದ ಮೇಲೆ ಬಿದ್ದರೆ ಅನಾನಸ್ ರಸ ಕುಡಿಸಿ, ಅದರಲ್ಲಿನ ಮ್ಯಾಂಗನೀಸ್ ಆ ಹೊಳಪನ್ನು ಅಡಗಿಸುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೊಡುವ ಮೊದಲು ವೈದ್ಯರನ್ನು ಕೇಳಿ. ನಾಳದಲ್ಲಿ ಗಾಳಿಯ ಗುಳ್ಳೆ ಇದ್ದರೂ ಕಪ್ಪು ಚುಕ್ಕೆಯೇ, ಹಿಂದೆ ಇಆರ್‌ಸಿಪಿ (ಬಾಯಿಂದ ಎಂಡೋಸ್ಕೋಪ್ ಇಳಿಸಿ ಮಾಡುವ ಪಿತ್ತನಾಳದ ಚಿಕಿತ್ಸೆ) ಆದವರಲ್ಲಿ ಇದು ಸಾಮಾನ್ಯ. ಅಡ್ಡ ಛೇದದಲ್ಲಿ ನೋಡಿ: ಗುಳ್ಳೆ ಮೇಲೆ ತೇಲುತ್ತದೆ, ಕಲ್ಲು ತಳಕ್ಕೆ ಕೂರುತ್ತದೆ.

ಡಾರ್ಕ್‌ರೂಮ್_ಕಲಬುರಗಿ
ಅಲ್ಲೂ ಗಾಳೀನೇ ಬಂತಲ್ರಿ ಸರ್ 😄

ಕರಿಮಣ್ಣು_ಜೇವರ್ಗಿ
ಎಲ್ಲವನ್ನೂ ಕೂಡಿಸಿ ಬರೆಯುತ್ತೇನೆ. ಸಿಸ್ಟರ್, ಆ "ಕಡೀಕ್ ಬಾಯಾಗ ಏನು ಹಾಕ್ಕೊಂಡ್ರಿ" ಪ್ರಶ್ನೆಯನ್ನು ಹಾಗೇ, ನಮ್ಮ ಮಾತಲ್ಲೇ ಇಡುತ್ತೇನೆ. ಬಸುರಿಯರ ಸೋನೋಗ್ರಫಿಗೆ ಫಾರ್ಮ್ ಎಫ್ (ಕಾಯ್ದೆ ಪ್ರಕಾರ ಇಡುವ ದಾಖಲೆ) ತುಂಬುವುದು ಎಲ್ಲಿ ಬರೆಯಲಿ?

ಬಿದ್ರಿ_ಕುಸುರಿ
ಮೊದಲ ಪುಟದಲ್ಲೇ. ಹೊಟ್ಟೆ ನೋವಿಗೆಂದು ಬಂದರೂ ಬಸುರಿಯಾದರೆ, ಫಾರ್ಮ್ ಎಫ್ ಬೇಕು, ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ. ಭ್ರೂಣದ ಲಿಂಗ ಹೇಳುವಂತಿಲ್ಲ, ಸನ್ನೆಯಲ್ಲೂ. ಹೆಸರು, ಸಹಿ, ದಿನಾಂಕದ ಒಂದು ಖಾನೆ ಖಾಲಿ ಬಿಟ್ಟರೂ ತಪಾಸಣೆಯಲ್ಲಿ ಅದೇ ಮೊದಲು ಕಣ್ಣಿಗೆ ಬೀಳುವುದು.